ಫ್ಲೋಟ್

ಕೋಲನ್ನು ನೆಟ್ಟಗೆ ನೆಟ್ಟರೆ ಸಾಲದು,
ನೆಟ್ಟು ಬೇಕು.
ಆಕಾಶದ ಹದಿನೇಳು ಉಪಗ್ರಹಗಳು ಒಕ್ಕೊರಲಿನಿಂದ ಹೇಳಿದರೂ
ಎಲ್ಲೋ ಒಂದು ತಾರಸಿಯ ಮೇಲೆ ಅಲುಗದೆ ಕೂತ ಯಂತ್ರ
ಅಲ್ಲ, ಸ್ವಲ್ಪ ಎಡಕ್ಕೆ, ಹಾಂ, ಅಲ್ಲಿ, ಎಂದು
ಕ್ಷಣ ಕ್ಷಣ ತಿದ್ದುತ್ತಿರಬೇಕು.
ಆ ತಿದ್ದುಪಡಿ ಬರುವುದು ನನ್ನ ಫೋನಿನ ಹಾಟ್‌ಸ್ಪಾಟಿನಿಂದ.
ಬಂದರೆ ಪರದೆಯಲ್ಲಿ ಹಸಿರು: ಫಿಕ್ಸ್.
ತಪ್ಪಿದರೆ ಹಳದಿ: ಫ್ಲೋಟ್.
ಆಗ ತೇಲುತ್ತದೆ
ಬಾಯಾರಿನ ಇಡೀ ಮುರಕಲ್ಲು ಗುಡ್ಡೆ,
ಕೆಸರಿನ ಮೇಲಿಟ್ಟ ಹಲಗೆಯ ಹಾಗೆ.

ಮೊನ್ನೆ, ಮೂಡಣ ಇಳಿಜಾರಿನಲ್ಲಿ,
ಬೀಫಾತಿಮ್ಮನ ಗೇರುಹಿತ್ತಿಲಿಗೂ ಕುಂಞಪ್ಪ ಮಣಿಯಾಣಿಯವರ ಜಾಗಕ್ಕೂ
ನಡುವಿನ ಕಲ್ಲು.
ಆಚೆ ಅವರು, ಈಚೆ ಇವರು,
ಹನ್ನೆರಡು ವರ್ಷದಿಂದ ಮಾತಿಲ್ಲದ ಇಬ್ಬರೂ
ಒಂದೇ ಪರದೆಗೆ ಬಗ್ಗಿದ್ದಾಗ
ಫೋನು ಬಂತು.
"ಅಮ್ಮಾ, ನನ್ನ ಕೈವಾರ ಎಲ್ಲಿ?"
ಹಿತಾಲಿ. ಎಂಟನೇ ಕ್ಲಾಸು. ನಾಳೆ ಗಣಿತ ಪರೀಕ್ಷೆ.

ಇಲ್ಲಿ ಕರೆ ಬಂದರೆ ನಾಲ್ಕು ಜಿ ಎರಡಕ್ಕಿಳಿಯುತ್ತದೆ,
ಮಾತು ಇದ್ದಷ್ಟು ಹೊತ್ತು ನೆಟ್ಟು ಇಲ್ಲ.
ಅಲ್ಲಿ ಮಗಳು ವೃತ್ತ ಎಳೆಯಲಾಗದೆ ಮೂಗೇರಿಸುತ್ತಿದ್ದಳು,
ಇಲ್ಲಿ ಕಲ್ಲು ಬೀಫಾತಿಮ್ಮನ ಕಡೆಗೆ ಎರಡು ಗೇಣು ಸರಿಯಿತು.
"ಎಂತ ಇದು, ನಡೆಯುವ ಕಲ್ಲಾ?" ಎಂದರು ಮಣಿಯಾಣಿ.
ಆಕೆ ಏನೂ ಹೇಳಲಿಲ್ಲ. ಸೆರಗಿನ ತುದಿಯಿಂದ
ಕಲ್ಲಿನ ಮೇಲಿನ ಇರುವೆ ಒರೆಸಿದಳು.

ಕೋಲು ಹಿಡಿದ ಐತಪ್ಪ ನಾಯ್ಕರು, ಇಪ್ಪತ್ತೆರಡು ವರ್ಷದ ಸರ್ವಿಸು,
ಇಳಿಯುವಾಗ ಹೇಳಿದರು:
"ಸರಪಳಿಗೆ ಯಾರೂ ಫೋನು ಮಾಡುತ್ತಿರಲಿಲ್ಲ ಮೇಡಂ."

ಆಫೀಸಿಗೆ ಬರೆದೆ, ಮಲಯಾಳದಲ್ಲಿ, ಎರಡು ಸಲ.
ಪರಿಗಣನೆಯಲ್ಲಿದೆ.
ಉಪ್ಪಳದ ಅಂಗಡಿಯಲ್ಲಿ ನಿಂತು
ಫೀಲ್ಡ್ ಸ್ಕೆಚ್ಚಿನ ಬೆನ್ನಿಗೆ ಲೆಕ್ಕ ಹಾಕಿದೆ.
ಫೋನಾದರೆ ಇದೆ, ಖರ್ಚಿಲ್ಲ;
ಆದರೆ ಹನ್ನೊಂದು ಗಂಟೆಗೆ ಕಿಸೆಯಲ್ಲಿ ಕಾವಲಿ,
ಊಟದ ಹೊತ್ತಿಗೆ ಬ್ಯಾಟರಿ ಒಂಬತ್ತು.
ಡಬ್ಬಿಯಾದರೆ ಎರಡು ಸಾವಿರದ ಮುನ್ನೂರು,
ಮೇಲಿಂದ ಇನ್ನೊಂದು ಸಿಮ್ಮು, ತಿಂಗಳು ತಿಂಗಳು ರೀಚಾರ್ಜು.
ಸಾಬೂನಿನಷ್ಟು ಗಾತ್ರ. ಒಂದು ದೀಪ. ಕಿವಿ ಇಲ್ಲ, ಬಾಯಿ ಇಲ್ಲ.
ನಂಬರುಂಟು, ಯಾರಿಗೂ ಗೊತ್ತಿಲ್ಲ.
ಅದು ಯಾರ ಅಮ್ಮನೂ ಅಲ್ಲ.

ತೆಗೆದುಕೊಂಡೆ.

ಒಂಬತ್ತು ದಿನ ಹಸಿರು. ನಲವತ್ತಮೂರು ಕಲ್ಲು.
ಬಲಗಿಸೆಯಲ್ಲಿ ಡಬ್ಬಿ ಕೆಲಸ ಮಾಡುತ್ತಿತ್ತು,
ಎಡಗಿವಿಯಲ್ಲಿ ನಾನು
ಗ್ಯಾಸಿನವನಿಗೆ ದಾರಿ ಹೇಳುತ್ತಿದ್ದೆ,
ಗುಡ್ಡೆ ಒಂದಿಂಚು ಅಲುಗಲಿಲ್ಲ.
ಇಷ್ಟು ಸುಲಭವಿತ್ತಾ ಎಂದುಕೊಂಡೆ.

ಹತ್ತನೆಯ ದಿನ ಮತ್ತೆ ಆ ಮೂಡಣ ಇಳಿಜಾರು.
ಡಬ್ಬಿಯ ದೀಪ ಕೆಂಪು.
ಎತ್ತಿ ಹಿಡಿದೆ, ಗೇರುಕೊಂಬೆಗೆ ನೇತು ಹಾಕಿದೆ,
ಐತಪ್ಪನವರ ಮುಟ್ಟಾಳೆಯ ತುದಿಗೂ ಇಟ್ಟು ನೋಡಿದೆ.
ಆ ಕಂಪೆನಿ ಈ ಮಗ್ಗುಲಿಗೆ ಹಾಯುವುದಿಲ್ಲ.
ಫೋನು ಮಾತ್ರ ಕಣಿವೆಯಾಚೆಯ ಕನ್ಯಾನದ ಟವರಿಗೆ ಕೈಚಾಚಿ
ಕರ್ನಾಟಕಕ್ಕೆ ಸ್ವಾಗತ ಎಂದಿತು.
ನನ್ನ ಚಪ್ಪಲಿ ಕೇರಳದಲ್ಲೇ ಇತ್ತು.

ಹಾಟ್‌ಸ್ಪಾಟ್ ಹಾಕುವ ಮೊದಲು ಮನೆಗೆ ಕರೆದೆ.
"ಕೇಳುವುದಿದ್ದರೆ ಈಗಲೇ ಕೇಳು. ಆಮೇಲೆ ಹತ್ತು ನಿಮಿಷ ಫೋನು ಮಾಡಬೇಡ."
"ಎಂತದೂ ಇಲ್ಲ," ಎಂದಳು.

ಕೋಲು. ಗುಳ್ಳೆ ನಡುವಿಗೆ ಬಂತು.
ಹಳದಿ. ಹಳದಿ.
ಬೀಫಾತಿಮ್ಮ ಉಸಿರು ಬಿಗಿ ಹಿಡಿದದ್ದು ಕೇಳಿಸಿತು,
ಅಥವಾ ಮಣಿಯಾಣಿಯವರದ್ದೋ.
ಹಸಿರು.
ಒಂದು ಸಲ ಅಳೆದೆ, ಇನ್ನೊಂದು ಸಲ.
ಕಲ್ಲು ಕಲ್ಲಿದ್ದಲ್ಲೇ ಇತ್ತು.

ಸಹಿ ಹಾಕಿಸುತ್ತಿದ್ದಂತೆ ಕಿಸೆ ಅದುರಿತು.
"ಅಮ್ಮಾ, ಹತ್ತು ನಿಮಿಷ ಆಯಿತಾ?"
"ಆಯಿತು, ಹೇಳು."
"ಎಂತದೂ ಇಲ್ಲ. ಆಯಿತಾ ಅಂತ ಕೇಳಿದ್ದು."
ಪರದೆ ಹಳದಿಯಾಯಿತು. ಗುಡ್ಡೆ ಕಾಲಡಿಯಿಂದ ಮೆಲ್ಲ ಹೊರಟಿತು,
ಗೇರು, ಕಲ್ಲು, ಪೆನ್ನು ಹಿಡಿದ ಇಬ್ಬರನ್ನೂ ಹೊತ್ತು.
ತೇಲಲಿ ಎಂದು ಬಿಟ್ಟು
ಪರೀಕ್ಷೆಯಲ್ಲಿ ಎಷ್ಟು ಬಂತೆಂದು ಕೇಳಿದೆ.